ಮಂಚದ ಬಳಿಯ ಚಾರ್ಟಿಗೂ ಜಮಾಬಂದಿ ಬೇಕು

ಮಡಕಶಿರಾದ ಓದುಗರೊಬ್ಬರು ಕೇಳಿದ್ದಾರೆ: "ಆಸ್ಪತ್ರೆಯಲ್ಲಿ ಮಾತ್ರೆ, ಇಂಜೆಕ್ಷನ್ ಕೊಟ್ಟಾಗಲೆಲ್ಲ ಸಿಸ್ಟರ್ ಒಂದು ಚಾರ್ಟಿಗೆ ಸಹಿ ಹಾಕುತ್ತಾರಲ್ಲ, ಆಮೇಲೆ ಅದನ್ನು ಯಾರಾದರೂ ಓದುತ್ತಾರೋ, ಇಲ್ಲ ಸೀದಾ ಗಂಟಿಗೆ ಹೋಗುತ್ತದೋ?"

ಓದಬೇಕು. ಅದಕ್ಕೇ ಚಾರ್ಟ್ ಆಡಿಟ್ ಎನ್ನುವುದು. ಒಂದು ದಿನ ಗೊತ್ತುಮಾಡಿ, ವಾರ್ಡಿನ ಅಷ್ಟೂ ಚಾರ್ಟುಗಳಿಗೆ ಒಂದೇ ಬಗೆಯ ಪ್ರಶ್ನೆ ಹಾಕುತ್ತಾರೆ. ಅಲರ್ಜಿಯ ಕಾಲಂ ತುಂಬಿದೆಯೇ? ಅದು ಖಾಲಿ ಇದ್ದರೆ ರೋಗಿಗೆ ಅಲರ್ಜಿ ಇಲ್ಲವೆಂದಲ್ಲ, ಯಾರೂ ಕೇಳಿಲ್ಲ ಎಂದೂ ಆಗಬಹುದು. ಮಗುವಾದರೆ ತೂಕ ಬರೆದಿದೆಯೇ? ರಾತ್ರಿ ಎಂಟರ ಮನೆಯಲ್ಲಿ ಸಹಿ ಇಲ್ಲದಿದ್ದರೆ ಔಷಧ ಕೊಟ್ಟಿಲ್ಲವೋ, ಕೊಟ್ಟು ಸಹಿ ಮರೆತರೋ? ಮುಂದಿನ ಪಾಳಿಯವರು ಕೊಟ್ಟಿಲ್ಲವೆಂದುಕೊಂಡು ಇನ್ನೊಮ್ಮೆ ಕೊಟ್ಟರೆ ಡೋಸ್ ಎರಡಾಯಿತು.

ಬರಹದ ರೀತಿಯನ್ನೂ ನೋಡುತ್ತಾರೆ. ಇನ್ಸುಲಿನ್ 10 ಯೂನಿಟ್ ಎಂದು ಬರೆಯುವಾಗ ಅಂಕಿಯ ಪಕ್ಕ ಇಂಗ್ಲಿಷಿನ 'ಯು' ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗುತ್ತದೆ. 1.0 ಎಂಬಲ್ಲಿ ಚುಕ್ಕೆ ಮಸುಕಾದರೆ 10. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಇಂಥ ಬರವಣಿಗೆ ಕೂಡದೆಂದು ಪಟ್ಟಿ ಮಾಡಿತು. ನಮ್ಮ ವೈದ್ಯಕೀಯ ಪರಿಷತ್ತೂ 2016ರಲ್ಲಿ ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಿರಿ ಎಂದಿತು.

ಅನಂತಪುರದ ಕಡೆಯವರಿಗೆ ಇದು ಹೊಸದೇನಲ್ಲ. ಊರಿನ ಲೆಕ್ಕಿಗ ಕರಣಂ ಬರೆದ ಅಡಂಗಲ್ಲನ್ನು, ಅಂದರೆ ಹೊಲ-ಬೆಳೆಗಳ ಪುಸ್ತಕವನ್ನು, ಜಮಾಬಂದಿ ಎಂಬ ಲೆಕ್ಕ ತಪಾಸಣೆಯಲ್ಲಿ ಮೇಲಧಿಕಾರಿ ತಾಳೆ ನೋಡುತ್ತಿದ್ದರು. ಬಿಟ್ಟುಹೋದ ಸರ್ವೆ ನಂಬರು, ತಿದ್ದಿದ ಅಂಕಿ, ತಪ್ಪಿದ ಮೊತ್ತ ಎಲ್ಲ ಅಲ್ಲಿ ಸಿಕ್ಕಿಬೀಳುತ್ತಿದ್ದವು. ಆದರೆ ಪುಸ್ತಕದಲ್ಲಿ ಕಡಲೆಕಾಯಿ ಎಂದಿದ್ದು, ಹೊಲ ಬೀಳು ಬಿದ್ದಿದ್ದರೆ? ಅದು ಗೊತ್ತಾಗಲು ಹೊಲಕ್ಕೇ ಹೋಗಬೇಕು. ಚಾರ್ಟ್ ಆಡಿಟ್ಟಿನ ಬಲವೂ ಮಿತಿಯೂ ಇದೇ.

ಆಸ್ಪತ್ರೆಯಲ್ಲಿ ಹಾಗೆ 'ಹೊಲಕ್ಕೆ' ಹೋದವರು ಅಮೆರಿಕದ ಕೆನೆತ್ ಬಾರ್ಕರ್ ಮತ್ತು ವಾರನ್ ಮೆಕಾನೆಲ್. ನರ್ಸುಗಳು ಔಷಧ ಕೊಡುವಾಗ ಜೊತೆಗೇ ನಿಂತು, ಕಂಡದ್ದನ್ನು ಬರೆದುಕೊಂಡು, ವೈದ್ಯರ ಆದೇಶದೊಂದಿಗೆ ಹೋಲಿಸಿದರು. 1962ರಲ್ಲಿ ಅವರು ಪ್ರಕಟಿಸಿದ ಲೆಕ್ಕ ದಂಗುಬಡಿಸುವಂತಿತ್ತು: ಸಿಬ್ಬಂದಿ ತಾವಾಗಿ ವರದಿ ಮಾಡಿದ್ದಕ್ಕಿಂತ ನಿಜವಾದ ತಪ್ಪುಗಳು ಸಾವಿರಕ್ಕೂ ಹೆಚ್ಚು ಪಟ್ಟು! ಯಾರೋ ಮುಚ್ಚಿಟ್ಟರೆಂದಲ್ಲ. ತಪ್ಪಿದ್ದೇ ಗೊತ್ತಾಗದವರು ವರದಿ ಮಾಡುವುದಾದರೂ ಏನನ್ನು? ಆದ್ದರಿಂದಲೇ ಆಡಿಟ್ ಎಂದರೆ ಕಳ್ಳನನ್ನು ಹಿಡಿಯುವ ಕೆಲಸವಲ್ಲ. ಒಂದೇ ಮನೆ ಹತ್ತು ಚಾರ್ಟುಗಳಲ್ಲಿ ಖಾಲಿ ಇದ್ದರೆ ದೋಷ ಸಿಸ್ಟರದ್ದಲ್ಲ, ನಮೂನೆಯದ್ದೋ ಪಾಳಿಯ ಒತ್ತಡದ್ದೋ ಇರಬೇಕು.

ನಮೂನೆಯನ್ನೇ ತಿದ್ದಿದವರು ಆಸ್ಟ್ರೇಲಿಯಾದವರು. 2006ರ ಜೂನ್ ಒಳಗೆ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಒಂದೇ ಚಾರ್ಟ್ ಇರಬೇಕೆಂದು ಅಲ್ಲಿನ ಆರೋಗ್ಯ ಸಚಿವರು 2004ರಲ್ಲಿ ಒಪ್ಪಿಕೊಂಡರು. ಯಾವ ಆಸ್ಪತ್ರೆಗೆ ಹೋದರೂ ಅಲರ್ಜಿಯ ಕಾಲಂ ಅದೇ ಜಾಗದಲ್ಲಿ. ನಮ್ಮಲ್ಲಿ ವಾರ್ಡಿಗೆ ಬಂದು ಚಾರ್ಟ್ ಓದುವ ಫಾರ್ಮಸಿಸ್ಟ್‌ಗಳನ್ನು ಮೊದಲು ತಯಾರು ಮಾಡಿದವರಲ್ಲಿ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜಿನವರು ಪ್ರಮುಖರು.

ಗಡಿಯ ಊರುಗಳಿಗೆ ಚಾರ್ಟ್ ಆಡಿಟ್ಟಿನ ಅಗತ್ಯ ಇನ್ನೂ ಹೆಚ್ಚು. ರಾಯದುರ್ಗದವರು ದೊಡ್ಡ ಕಾಯಿಲೆಗೆ ಬಳ್ಳಾರಿಗೆ ಹೋಗುತ್ತಾರೆ, ಮಡಕಶಿರಾದವರು ಹಿಂದೂಪುರಕ್ಕೋ ಬೆಂಗಳೂರಿಗೋ. ಆಸ್ಪತ್ರೆ ಬದಲಾದಾಗಲೇ ಒಂದೇ ಬಿಪಿ ಮಾತ್ರೆ ಎರಡು ಬ್ರ್ಯಾಂಡ್ ಹೆಸರಲ್ಲಿ ಹೊಟ್ಟೆ ಸೇರುವುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸಾವಿಗೀಡಾದಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ. ಇಂಥ ಹೊತ್ತಿನಲ್ಲಿ ಯಾವ ಬ್ಯಾಚಿನ ಬಾಟಲಿ ಯಾರಿಗೆ ಏರಿತು ಎಂಬುದು ಚಾರ್ಟಿನಲ್ಲಿದ್ದರೆ ತನಿಖೆಗೆ ದಾರಿ ಸಲೀಸು.

ಕಂಪ್ಯೂಟರ್, ಎಐ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ನಂಬಲಾರೆ. ಅಲರ್ಜಿ ಕೇಳದೇ ಇದ್ದರೆ ಪರದೆಯ ಮೇಲಿನ ಕಾಲಮ್ಮೂ ಖಾಲಿಯೇ. ವಾರಕ್ಕೊಂದು ಗಂಟೆ, ಒಂದು ಪೆನ್ನು, ತಿಂಗಳ ಕೊನೆಗೆ ವೈದ್ಯರೂ ಸಿಸ್ಟರುಗಳೂ ಒಟ್ಟಿಗೆ ಕೂತು ನೋಡುವ ಒಂದು ಹಾಳೆ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ನಡೆಯುತ್ತದೆ.

ಓದುಗರೂ ಇಷ್ಟು ಮಾಡಬಹುದು: ಆಸ್ಪತ್ರೆಗೆ ಹೋಗುವಾಗ ಮನೆಯ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಒಯ್ಯಿರಿ, ಆಗದ ಔಷಧವನ್ನು ಕೇಳುವ ಮೊದಲೇ ಹೇಳಿ. ಔಷಧದಿಂದ ತೊಂದರೆಯಾದರೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು.