ಮಂಚದಡಿಯ ಗಿಟಾರಿಗೆ ಎಷ್ಟು ಬೆಲೆ?

ಮುಂಬೈಯಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮಂಥವರು ಏನು ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇದನ್ನು ಇಡುವುದೆಲ್ಲಿ? 11 ತಿಂಗಳ ಕರಾರು ಮುಗಿದು ಮನೆ ಬದಲಿಸುವಾಗ ಹೊತ್ತೊಯ್ಯುವುದು ಹೇಗೆ? ಕಳೆದ ಚಳಿಗಾಲದಲ್ಲಿ ದಾದರ್‌ನ ಹಳೆಯ ಕಟ್ಟಡವೊಂದರ ಮಂಚದಡಿಯಿಂದ ಹೊರಬಂದ ಸುಮಾರು 60 ವರ್ಷದ ಎಲೆಕ್ಟ್ರಿಕ್ ಗಿಟಾರು ನನ್ನ ಮುಂದೆ ಮೂರನೆಯ ಪ್ರಶ್ನೆಯನ್ನೂ ಇಟ್ಟಿತು. ಬಣ್ಣ ಕಿತ್ತುಹೋದ, ಫ್ರೆಟ್ ಸವೆದ, ಅರ್ಧ ದನಿ ಅಡಗಿಹೋದ ವಾದ್ಯಕ್ಕೆ 40 ಸಾವಿರ ರೂಪಾಯಿ ಕೊಡುವುದು ಸರಿಯೇ?

ನಾನು ಶಿರಸಿ ಕಡೆಯವನು. ಇಲ್ಲಿನ ಬ್ಯಾಂಕೊಂದರಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅಡಮಾನದ ಆಸ್ತಿಗೆ ಬೆಲೆ ಕಟ್ಟುವಾಗ ಮಾಲೀಕ ಹೇಳುವ ಕಥೆಯನ್ನು ಪಕ್ಕಕ್ಕಿಟ್ಟು ಕಾಗದಪತ್ರ ನೋಡಬೇಕು ಎಂಬುದು ನಮ್ಮ ಮೊದಲ ಪಾಠ. ಕಾಲೇಜಿನಲ್ಲಿದ್ದಾಗಿನಿಂದ ಗಿಟಾರು ನುಡಿಸುತ್ತ ಬಂದಿದ್ದೇನೆ. ಹೊಸದೊಂದನ್ನು ಕೊಳ್ಳಲೆಂದು 60 ಸಾವಿರ ಕೂಡಿಟ್ಟಿದ್ದೆ. ಆ ಹಣಕ್ಕೆ ಅಂಗಡಿಯಲ್ಲಿ ವಾರಂಟಿ ಸಮೇತ ಒಳ್ಳೆಯ ಗಿಟಾರು ಬರುತ್ತದೆ. ಹಾಗಿರುವಾಗ ಹಳೆಯದರ ಕಡೆ ಮನಸ್ಸು ಹರಿದದ್ದೇಕೆ, ಹರಿದ ಮೇಲೆ ಅದನ್ನು ಪರೀಕ್ಷಿಸಿದ್ದು ಹೇಗೆ ಎಂಬುದು ಇಂಥದೇ ಗೊಂದಲದಲ್ಲಿರುವವರಿಗೆ ಉಪಯೋಗವಾದೀತು.

ದಾದರ್‌ನ ಮನೆಗಳಲ್ಲೇಕೆ ಹಳೆಯ ವಾದ್ಯಗಳು?

ನಮಗೆ ದಾದರ್ ಎಂದರೆ ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್, ಮೈಸೂರಿನ ಶರಾವತಿ ಎಕ್ಸ್‌ಪ್ರೆಸ್, ಬೆಳಗಿನ ಹೂವಿನ ಮಾರುಕಟ್ಟೆ. ಸಂಗೀತದವರಿಗೆ ಅದು ಬೇರೆಯೇ ಊರು. ಹಾರ್ಮೋನಿಯಂಗೆ ಹೆಸರಾದ ಹರಿಭಾವು ವಿಶ್ವನಾಥ್ ಅವರ ಅಂಗಡಿ ಇಲ್ಲಿಯದು. ರಂಜಿತ್, ರೂಪತಾರಾ, ಶ್ರೀ ಸೌಂಡ್‌ನಂಥ ಚಿತ್ರ ಸ್ಟುಡಿಯೊಗಳಿದ್ದದ್ದೂ ದಾದರ್‌ನಲ್ಲೇ. ಪಾಶ್ಚಾತ್ಯ ಸ್ವರಲಿಪಿಯನ್ನು ಓದಿ ನುಡಿಸಬಲ್ಲ ಗೋವಾದ ವಾದಕರು ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳ ಬೆನ್ನೆಲುಬಾಗಿದ್ದರು. ಪೋರ್ಚುಗೀಸ್ ಚರ್ಚ್‌ನ ಆಸುಪಾಸಿನಿಂದ ಮಾಹಿಮ್, ಬಾಂದ್ರಾವರೆಗೆ ಅಂಥ ಕುಟುಂಬಗಳು ನೆಲೆಸಿದ್ದವು.

ಎಲೆಕ್ಟ್ರಿಕ್ ಗಿಟಾರಿಗೆ ಆ ಲೋಕದಲ್ಲಿ ದೊಡ್ಡ ಪಾತ್ರವಿತ್ತು. ವ್ಯಾನ್ ಶಿಪ್ಲಿ ತಾವೇ ವಿನ್ಯಾಸ ಮಾಡಿಕೊಂಡ ಎಂಟು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಚಿತ್ರಗೀತೆಗಳನ್ನು ನುಡಿಸಿ ರೆಕಾರ್ಡ್ ತಂದರು. 1971ರ ‘ಹರೇ ರಾಮ ಹರೇ ಕೃಷ್ಣ’ದ ಪ್ರಸಿದ್ಧ ಹಾಡಿನಲ್ಲಿ ಕೇಳುವ ಗಿಟಾರು ಗಾಯಕ ಭೂಪಿಂದರ್ ಸಿಂಗ್ ಅವರದು. 1980ರ ‘ಕರ್ಜ್’ ಚಿತ್ರದ ಗಿಟಾರಿನ ಎಳೆ ಗೋರಖ್ ಶರ್ಮಾ ಅವರದು. ಆದರೆ ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ಕಾಲವದು. ಫಾರಿನ್ ಗಿಟಾರು ಬೇಕೆಂದರೆ ಹಡಗಿನಲ್ಲಿ ಕೆಲಸ ಮಾಡುವ ಅಣ್ಣನೋ ಭಾವನೋ ತರಬೇಕಿತ್ತು. ಉಳಿದವರಿಗೆ ಕೋಲ್ಕತ್ತದ ಗಿವ್ಸನ್‌ನಂಥ ದೇಸಿ ಗಿಟಾರುಗಳೇ ಗತಿ.

ಮುಂದೆ ಸಿಂಥಸೈಜರ್, ಕಂಪ್ಯೂಟರ್‌ಗಳು ಬಂದು ವಾದ್ಯವೃಂದಗಳು ಕರಗಿದವು. ಗಿಟಾರುಗಳು ಮಂಚದಡಿ ಸೇರಿದವು. ಈಗ ಆ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಮಂಚ ಸರಿಸಲೇಬೇಕಲ್ಲ!

ನಾನು ನೋಡಿದ್ದು ಅಂಥದೇ ಒಂದು ಮನೆಯಲ್ಲಿ. ಗಿಟಾರು ನುಡಿಸುತ್ತಿದ್ದವರು ತೀರಿಹೋಗಿ ವರ್ಷಗಳಾಗಿವೆ. ಮನೆಯಲ್ಲಿರುವುದು ಅವರ ಪತ್ನಿ, ವಯಸ್ಸು 80ರ ಹತ್ತಿರ. ಮಗಳು ಕೆನಡಾದಲ್ಲಿ. ಎರಡು ತಿಂಗಳಲ್ಲಿ ಮನೆ ಬಿಡಬೇಕು. ನನ್ನ ಉತ್ತರ ಕನ್ನಡದ ಕೊಂಕಣಿಗೂ ಅವರ ಗೋವಾದ ಕೊಂಕಣಿಗೂ ಅಂತರವಿದ್ದರೂ ಮಾತು ಸಾಗಿತು. ನಾನು ಅವರನ್ನು ಆಂಟಿ ಎಂದೆ, ಅವರು ನನ್ನನ್ನು ‘ಪುತಾ’ ಎಂದರು.

ಸವೆತವೇ ಬೇರೆ, ಬದಲಾವಣೆಯೇ ಬೇರೆ

ಗಿಟಾರು ಅಮೆರಿಕದ ಫೆಂಡರ್ ಕಂಪನಿಯ ಮಸ್ಟಂಗ್. 1964ರಲ್ಲಿ ಕಲಿಯುವವರಿಗೆಂದೇ ಮಾರುಕಟ್ಟೆಗೆ ಬಂದ, ಗಿಡ್ಡ ಕತ್ತಿನ, ಕಡಿಮೆ ಬೆಲೆಯ ಮಾದರಿ. ಒಂದು ಕಾಲಕ್ಕೆ ಕೆಂಪಾಗಿದ್ದ ಮೈಯಲ್ಲಿ ಮೊಣಕೈ ಊರುವ ಜಾಗದ ಬಣ್ಣ ಪೂರ್ತಿ ಹೋಗಿ ಮರ ಕಾಣುತ್ತಿತ್ತು.

ಇಂಥ ಸವೆತಕ್ಕೆ ಲೋಕದಲ್ಲಿ ವಿಚಿತ್ರವಾದ ಬೆಲೆಯಿದೆ. ಐರ್ಲೆಂಡಿನ ರೋರಿ ಗ್ಯಾಲಗರ್ 1963ರಲ್ಲಿ ಕಾರ್ಕ್ ನಗರದ ಅಂಗಡಿಯೊಂದರಲ್ಲಿ 100 ಪೌಂಡಿಗೆ ಸೆಕೆಂಡ್ ಹ್ಯಾಂಡ್ ಸ್ಟ್ರ್ಯಾಟೊಕ್ಯಾಸ್ಟರ್ ಕೊಂಡರು. ಅವರ ಕೈಯಲ್ಲಿ ಅದರ ಬಣ್ಣವೆಲ್ಲ ಕಿತ್ತುಹೋಗಿ ಬರೀ ಮರದ ಹಲಗೆಯಂತಾಯಿತು. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 8.9 ಲಕ್ಷ ಪೌಂಡಿಗೆ ಹೋಯಿತು. ನಿರ್ವಾಣ ತಂಡದ ಕರ್ಟ್ ಕೋಬೇನ್ ಅವರ 1969ರ ಮಸ್ಟಂಗ್ 2022ರಲ್ಲಿ 45 ಲಕ್ಷ ಡಾಲರ್ ದಾಟಿತು. ಹೊಸ ಗಿಟಾರನ್ನು ಕಾರ್ಖಾನೆಯಲ್ಲೇ ಉಜ್ಜಿ, ಕೆರೆದು ಹಳೆಯದರಂತೆ ಮಾಡಿ ಹೆಚ್ಚಿನ ಬೆಲೆಗೆ ಮಾರುವ ‘ರೆಲಿಕ್’ ಪದ್ಧತಿಯನ್ನು ಫೆಂಡರ್ 1990ರ ದಶಕದಲ್ಲೇ ಶುರುಮಾಡಿದೆ.

ಇವನ್ನು ಓದಿ ಹಳೆಯದೆಲ್ಲ ಚಿನ್ನ ಎಂದುಕೊಳ್ಳಬಾರದು. ಅಲ್ಲಿ ಬೆಲೆ ಬಂದದ್ದು ಪ್ರಸಿದ್ಧರ ಕೈಗೆ, ಅದಕ್ಕೆ ಫೋಟೊ, ದಾಖಲೆಗಳ ಸಾಕ್ಷಿಯಿತ್ತು. ‘ನಮ್ಮವರು ಇಂಥ ಸಿನಿಮಾಕ್ಕೆ ಇದರಲ್ಲೇ ನುಡಿಸಿದ್ದು’ ಎಂಬ ಮನೆಮಾತು ನಿಜವಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಸಾಮಾನ್ಯ ಹಳೆಯ ಗಿಟಾರಿನಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದು ನುಡಿಸಿ ಸವೆದದ್ದೋ, ಯಾರೋ ಬಿಚ್ಚಿ ಬದಲಿಸಿದ್ದೋ? ಸವೆತಕ್ಕೆ ಮದ್ದಿದೆ. ಮೂಲದ ಭಾಗ ಹೋಗಿಬಿಟ್ಟಿದ್ದರೆ ಮದ್ದಿಲ್ಲ. ಸವೆದ ಮೂಲ ಬಣ್ಣದ ಗಿಟಾರಿಗಿಂತ ಫಳಫಳ ಹೊಳೆಯುವಂತೆ ಮತ್ತೆ ಬಣ್ಣ ಬಳಿಸಿದ್ದಕ್ಕೆ ಸಂಗ್ರಹಕಾರರು ಅರ್ಧದಷ್ಟೇ ಬೆಲೆ ಕೊಡುವುದು ರೂಢಿ.

ಏನೇನು ನೋಡಿದೆವು

ವಾದ್ಯ ರಿಪೇರಿ ಮಾಡುವ ಪರಿಚಯದವರೊಬ್ಬರನ್ನು ಜೊತೆಗೆ ಕರೆದೊಯ್ದೆ. ಮೊದಲು ನೋಡಿದ್ದು ಕತ್ತು. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ, ಏಳೆಂಟನೆಯ ಫ್ರೆಟ್‌ನ ಬಳಿ, ತೆಳುವಾದ ವಿಸಿಟಿಂಗ್ ಕಾರ್ಡಿನಷ್ಟು ಸಂದು ಕಾಣಬೇಕು. ಸಂದು ದೊಡ್ಡದಿದ್ದರೆ ಕತ್ತು ಬಾಗಿದೆ ಎಂದರ್ಥ. ಒಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಬಿಗಿ ಮಾಡಿ ಅದನ್ನು ನೇರ ಮಾಡಬಹುದು. ಕತ್ತು ಹಗ್ಗದ ಹಾಗೆ ತಿರುಚಿಕೊಂಡಿದ್ದರೆ ಮಾತ್ರ ಕೈಮುಗಿದು ಎದ್ದು ಬರುವುದೇ ಮೇಲು. ಇದು ಬಾಗಿತ್ತು, ತಿರುಚಿರಲಿಲ್ಲ.

ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಂಡಿಗಳಿದ್ದವು. ಅವನ್ನು ತೆಗೆದು ಹೊಸದು ಹಾಕಲೇಬೇಕು. ನಮ್ಮ ಕಡೆ ವೀಣೆಯ ಮೇಣ ತೆಗೆಸಿ ಮೆಟ್ಟಿಲುಗಳನ್ನು ಮತ್ತೆ ಕೂರಿಸುತ್ತಾರಲ್ಲ, ಹಾಗೆ. ವೀಣೆಗೆ ಅದು ಕುಂದಲ್ಲ, ಗಿಟಾರಿಗೂ ಅಲ್ಲ.

ಆಮೇಲೆ ವಯಸ್ಸು. ಕತ್ತನ್ನು ಬಿಚ್ಚಿದಾಗ ಬುಡದಲ್ಲಿ 1966ರ ಜೂನ್ ಎಂದು ಮುದ್ರೆಯಿತ್ತು. ವಾಲ್ಯೂಮ್ ತಿರುಗುಣಿಯ ಕೆಳಗಿನ ಲೋಹದ ಡಬ್ಬಿಯ ಮೇಲೆ 1376618 ಎಂಬ ಅಂಕಿ. 137 ಎಂಬುದು ಅದನ್ನು ತಯಾರಿಸಿದ ಸಿಟಿಎಸ್ ಕಂಪನಿಯ ಗುರುತು, 66 ವರ್ಷ, 18 ವಾರ. ಅಂದರೆ 1966ರ ಮೇ ಮೊದಲ ಭಾಗ. ಎರಡೂ ತಾಳೆಯಾದವು. ಒಂದೇ ಅಂಕಿಯನ್ನು ಮಾತ್ರ ನಂಬುವ ಹಾಗಿಲ್ಲ, ಏಕೆಂದರೆ 1966ರ ಬಿಡಿಭಾಗಗಳ ದೊಡ್ಡ ದಾಸ್ತಾನನ್ನು ಫೆಂಡರ್ ಮುಂದಿನ ಕೆಲವು ವರ್ಷಗಳವರೆಗೂ ಬಳಸಿತ್ತು. 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆ ಫೆಂಡರನ್ನು ಕೊಂಡಿತು. ಅದಕ್ಕೂ ಹಿಂದಿನ ಗಿಟಾರುಗಳಿಗೆ ಹೆಚ್ಚಿನ ಬೆಲೆ, ಇದು ಆ ಗಡಿಯ ಈಚೆಯದು.

ಬಣ್ಣದ ಪರೀಕ್ಷೆಗೆ ಬೇಕಾದದ್ದು ಅಂಗಡಿಗಳಲ್ಲಿ ಖೋಟಾ ನೋಟು ಪತ್ತೆ ಮಾಡುವ ನೇರಳೆ ಟಾರ್ಚ್ ಅಷ್ಟೇ. ಕತ್ತಲೆ ಕೋಣೆಯಲ್ಲಿ ಆ ಬೆಳಕು ಬಿಟ್ಟರೆ ಹಳೆಯ ನೈಟ್ರೊಸೆಲ್ಯುಲೋಸ್ ವಾರ್ನಿಷ್ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ, ಈಚೆಗೆ ಬಳಿದ ಜಾಗ ತೇಪೆಯಂತೆ ಬೇರೆಯಾಗಿ ಕಾಣುತ್ತದೆ. ತೇಪೆ ಎಲ್ಲೂ ಇರಲಿಲ್ಲ.

ಎರಡು ಪಿಕಪ್‌ಗಳಲ್ಲಿ ಒಂದು ಮೂಕವಾಗಿತ್ತು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮಲ್ಟಿಮೀಟರ್ ಇಟ್ಟರೆ ಒಳ್ಳೆಯದು ಐದಾರು ಕಿಲೊ ಓಮ್ ತೋರಿಸುತ್ತದೆ. ಮೂಕವಾದದ್ದರಲ್ಲಿ ಮುಳ್ಳು ಅಲುಗಲಿಲ್ಲ. ಎಲ್ಲೋ ತಂತಿ ತುಂಡಾಗಿದೆ. ಹೊರತುದಿಯಲ್ಲಾದರೆ ಒಂದು ಬೆಸುಗೆ ಸಾಕು, ಒಳಗಾದರೆ ಪೂರ್ತಿ ಮರುಸುತ್ತು. ಮುಂಬೈಯ ಉಪ್ಪುಗಾಳಿ ಮತ್ತು ಮಳೆಗಾಲದ ಕೆಲಸವಿದು. ಎಲ್ಲ ಸೇರಿ ರಿಪೇರಿಗೆ ಸುಮಾರು 20 ಸಾವಿರ ಎಂದು ನಮ್ಮವರು ಲೆಕ್ಕ ಹೇಳಿದರು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ನೆನಪಾಯಿತು. ಮಸ್ಟಂಗ್ ಎಂದರೂ ಕುದುರೆಯೇ.

ಬೆರಳ ಕೆಳಗಿನ ಬೀಟೆ

ಬೆರಳೂರುವ ಹಲಗೆ ರೋಸ್‌ವುಡ್, ಎಂದರೆ ಬೀಟೆಯ ಬಳಗದ ಮರ. ಮೊದಲು ಅಮೆರಿಕದ ತಯಾರಕರು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. 1960ರ ದಶಕದಲ್ಲಿ ಅದರ ಪೂರೈಕೆ ಬಿಗಿಯಾದಂತೆ ಭಾರತದ ಮರಕ್ಕೆ ಹೊರಳಿದರು. ಅದೇ ನಮ್ಮ ಪಶ್ಚಿಮ ಘಟ್ಟದ ಬೀಟೆ, ಶಿರಸಿಯ ಹಳೆಯ ಮನೆಗಳ ಕಪಾಟು, ಮಂಚಗಳಲ್ಲಿರುವ ಮರ.

ವಿದೇಶದಲ್ಲಿರುವ ಓದುಗರು ಇದನ್ನು ಗಮನಿಸಬೇಕು. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳೂ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದವು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೆ 1992ರಿಂದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಬ್ರೆಜಿಲ್‌ನ ರೋಸ್‌ವುಡ್‌ಗೆ ಆ ವಿನಾಯಿತಿ ಇಲ್ಲ. 60ರ ದಶಕದ ಗಿಟಾರಿನಲ್ಲಿ ಎರಡರಲ್ಲಿ ಯಾವ ಮರವೂ ಇರಬಹುದು, ಬರೀ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಗಡಿ ದಾಟಿಸುವ ಆಲೋಚನೆ ಇದ್ದರೆ ಕೊಳ್ಳುವ ಮೊದಲೇ ತಜ್ಞರಿಗೆ ತೋರಿಸಿ.

ಕಷ್ಟದ ಭಾಗ

ಪರೀಕ್ಷೆ ಮುಗಿದ ರಾತ್ರಿ ಲೆಕ್ಕ ಹಾಕಿದೆ. ಪಿಕಪ್ ಸಮೇತ ಬಹುತೇಕ ಎಲ್ಲ ಭಾಗಗಳೂ ಮೂಲದವೇ. ಇಂಥವಕ್ಕೆ ವಿದೇಶದ ಅಂಗಡಿಗಳು ಕೇಳುವ ಬೆಲೆಗೆ ಹೋಲಿಸಿದರೆ, ರಿಪೇರಿ ಕಳೆದರೂ, ಆಂಟಿ ಹೇಳಿದ 40 ಸಾವಿರ ತೀರಾ ಕಡಿಮೆ. ‘ಅವರೇ ಹೇಳಿದ ಬೆಲೆ, ನೀನೇಕೆ ತಲೆ ಕೆಡಿಸಿಕೊಳ್ಳುತ್ತೀಯ?’ ಎಂದ ಆಫೀಸಿನ ಗೆಳೆಯ. ಅವನದು ವ್ಯಾಪಾರದ ಮಾತು, ತಪ್ಪೇನಲ್ಲ. ಆದರೆ ನಾವಿಬ್ಬರೂ ಗಿಟಾರನ್ನು ಸಮನಾಗಿ ಬಲ್ಲವರಾಗಿರಲಿಲ್ಲ. ಬಿಚ್ಚಿ ನೋಡಿದ್ದು ನಾನು. ಅವರಿಗೆ ಗೊತ್ತಿದ್ದದ್ದು ಮನೆ ಖಾಲಿ ಮಾಡಬೇಕಾದ ದಿನಾಂಕ ಒಂದೇ. ಹಾಗೆಂದು ನಿಜ ಹೇಳಿದರೆ ಬೆಲೆ ನನ್ನ ಕೈ ಮೀರಿ ಹೋಗಬಹುದಿತ್ತು.

ಮರುದಿನ ಹೋಗಿ ಎರಡೂ ಪಟ್ಟಿಗಳನ್ನು ಮುಂದಿಟ್ಟೆ. ಬೆಲೆ ಏರಿಸುವ ಅಂಶಗಳು ಒಂದು ಕಡೆ, ಇಳಿಸುವವು ಇನ್ನೊಂದು ಕಡೆ. ‘ಆಂಟಿ, ಇದನ್ನು ಅಂಗಡಿಯಲ್ಲಿಟ್ಟು ಕಾದರೆ ನಿಮಗೆ ಲಕ್ಷವೂ ಬಂದೀತು. ನನ್ನಿಂದ ಅಷ್ಟಾಗದು. 75 ಸಾವಿರ ಕೊಡಬಲ್ಲೆ, ಅದೂ ಎರಡು ಕಂತಿನಲ್ಲಿ. ಮಗಳನ್ನು ಕೇಳಿ ಹೇಳಿ’ ಎಂದೆ.

ಅವರು ನಕ್ಕರು. ‘ಪುತಾ, ಹಳೇ ಸಾಮಾನಿನವನು ನಾಲ್ಕು ಸಾವಿರ ಅಂದಿದ್ದ. ಅದಕ್ಕೆ ನಾನೇ ಒಂದು ಸೊನ್ನೆ ಸೇರಿಸಿದೆ. ನೀನು ಒಪ್ಪುತ್ತೀ ಅಂತಲೇ ಅಂದುಕೊಂಡಿರಲಿಲ್ಲ.’

ಎರಡು ದಿನದ ನಂತರ ಮಗಳು ಕೆನಡಾದಿಂದ ಫೋನ್ ಮಾಡಿ, ಲೆಕ್ಕವನ್ನು ಒಂದೊಂದಾಗಿ ಕೇಳಿ, ಒಪ್ಪಿದರು. ಕೂಡಿಟ್ಟ ಹಣದಲ್ಲಿ ಮೊದಲ ಕಂತು ಹೋಯಿತು, ರಿಪೇರಿಯ ಖರ್ಚೂ ಹೋಯಿತು. ಎರಡನೆಯ ಕಂತಿಗಾಗಿ ಆ ವರ್ಷದ ಊರಿನ ಪ್ರಯಾಣ ವಿಮಾನದಿಂದ ರೈಲಿಗೆ ಇಳಿಯಿತು. ಆಂಟಿ ಗಿಟಾರು ಕೊಟ್ಟರು. ಹೆಗಲಿಗೆ ಹಾಕುವ ಹಳೆಯ ಚರ್ಮದ ಪಟ್ಟಿಯನ್ನು ಮಾತ್ರ ಬಿಚ್ಚಿ ತಮ್ಮ ಬಳಿಯೇ ಇಟ್ಟುಕೊಂಡರು. ನಾನು ಕೇಳಲಿಲ್ಲ.

ಕೊಳ್ಳುವ ಮೊದಲು

ಇಂಥ ವಾದ್ಯ ಎದುರಾದರೆ ಮೂರು ಲೆಕ್ಕ ಬೇರೆಬೇರೆ ಬರೆದುಕೊಳ್ಳಿ. ವಸ್ತುವಿನ ಬೆಲೆ, ಅದು ಮತ್ತೆ ನುಡಿಯಲು ಬೇಕಾದ ಖರ್ಚು, ನಿಮ್ಮ ಆಸೆಗೆ ನೀವು ಕೊಡುವ ಹೆಚ್ಚುವರಿ ಹಣ. ಮೂರನೆಯದನ್ನು ಹೂಡಿಕೆ ಎಂದು ಕರೆದು ಮನೆಯವರನ್ನು ಒಪ್ಪಿಸಬೇಡಿ. ಭಾರತದಲ್ಲಿ ಹಳೆಯ ಗಿಟಾರು ಕೊಳ್ಳುವವರು ಕಡಿಮೆ, ಬೇಕೆಂದಾಗ ಅದು ಮಾರಾಟವಾಗುವುದಿಲ್ಲ. ಜೊತೆಗೆ ಹಳೆಯ ಅಮೆರಿಕನ್ ಆಂಪ್ಲಿಫೈಯರ್ ಬಂದರೆ ನೇರ ಪ್ಲಗ್‌ಗೆ ಹಾಕಬೇಡಿ. ಅದು 110–120 ವೋಲ್ಟಿನದು, ನಮ್ಮದು 230. ಗಿಟಾರಿನ ತಂತಿಗಳು ಒಳಗೇ ಆಂಪ್ಲಿಫೈಯರ್‌ನ ಅರ್ಥಿಂಗಿಗೆ ಕೂಡಿರುವುದರಿಂದ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿಯೇ ನುಡಿಸಿ.

ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದಕ್ಕಿಂತ ಮುಖ್ಯ, ವಾರಕ್ಕೆರಡು ಸಲವಾದರೂ ಹೊರತೆಗೆದು ನುಡಿಸಿ, ತಂತಿ ಒರೆಸಿ ಇಡಿ. ಮಂಚದಡಿಯಲ್ಲಿ ಕಳೆದ ವರ್ಷಗಳಲ್ಲಿ ಆ ಗಿಟಾರಿನ ಪಿಕಪ್ ಸತ್ತಿತು, ಕತ್ತು ಬಾಗಿತು. ಅದಕ್ಕೂ ಮುಂಚೆ ವರ್ಷಾನುಗಟ್ಟಲೆ ನುಡಿಸಿದಾಗ ಹೋದದ್ದು ಒಂದಿಷ್ಟು ಬಣ್ಣ ಮತ್ತು ಫ್ರೆಟ್ ಮಾತ್ರ. ಇನ್ನೂ ಸವೆಸುವ ಮನಸ್ಸಿದ್ದವರು ಧೈರ್ಯವಾಗಿ ಕೊಳ್ಳಬಹುದು. ಗೋಡೆಗೆ ತೂಗುಹಾಕಲು ಎನ್ನುವವರಿಗೆ ಕೂಡಿಟ್ಟ ಹಣ ಬ್ಯಾಂಕಿನಲ್ಲಿರುವುದೇ ಲೇಸು.