ಸಭೆಯ ಮುಂದೆ ಮಾತು

ಸಭೆಯಲ್ಲಿ ಮಾತನಾಡಲು ಸಿದ್ಧವಾಗುವುದೆಂದರೆ ವಿಷಯವನ್ನು ಕಲೆಹಾಕುವುದು ಎಂದು ಬಹುಮಂದಿ ತಿಳಿದಿದ್ದಾರೆ. ಕನ್ನಡ ಅಧ್ಯಾಪಕನಾಗಿ ಕಳೆದ ವರ್ಷಗಳಲ್ಲಿ ನಾನು ಕಂಡದ್ದು ಬೇರೆ. ವಿಷಯವು ಭಾಷಣಕಾರರಲ್ಲಿ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ. ಎದುರಿಗೆ ಕುಳಿತವರು ಯಾರು, ಅವರು ಏನನ್ನು ಮನೆಗೆ ಕೊಂಡೊಯ್ಯಬೇಕು ಎಂಬ ಯೋಚನೆಯೇ ಇರುವುದಿಲ್ಲ.

1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಒಂದು ಭಾಷಣ ಮಾಡಿದರು. ಅದರ ಹೆಸರು 'ಕನ್ನಡ ಮಾತು ತಲೆಯೆತ್ತುವ ಬಗೆ'. ಇಂಗ್ಲಿಷ್ ಬೋಧಿಸುತ್ತಿದ್ದ ಪ್ರಾಧ್ಯಾಪಕರು ಅವರು, ಪಾಂಡಿತ್ಯಕ್ಕೇನೂ ಕೊರತೆಯಿರಲಿಲ್ಲ. ಆದರೂ ವಿಷಯವೆಲ್ಲ ನಾಲ್ಕೇ ಪದಗಳಲ್ಲಿ ನಿಂತಿದೆ, ಒಂದೂ ತತ್ಸಮವಲ್ಲ. ತಮ್ಮ ವಿಷಯವನ್ನು ಹೀಗೆ ನಾಲ್ಕು ಪದಗಳಲ್ಲಿ ಹೇಳಲಾಗದವರು ಇನ್ನೂ ಸಿದ್ಧರಾಗಿಲ್ಲವೆಂದೇ ನನ್ನ ಎಣಿಕೆ.

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದಾಗ, ಮಾತುಗಾರನಿಗೆ ಹೊಸದೊಂದು ಕಷ್ಟ ಬಂದಿತು. ಕೇಳುವವರು ಕಾಣಿಸುವುದಿಲ್ಲ. ಅವರು ಅಡಿಗೆಮನೆಯಲ್ಲಿರಬಹುದು, ಕ್ಷೌರ ಮಾಡಿಕೊಳ್ಳುತ್ತಿರಬಹುದು. ಓದುಗನಂತೆ ಹಿಂದಿನ ಪುಟಕ್ಕೆ ತಿರುಗುವ ಅನುಕೂಲ ಅವರಿಗಿಲ್ಲ. ಆದುದರಿಂದ ಬಾನುಲಿಗೆ ಬರೆದುದನ್ನು ನಾನು ಮನೆಯಲ್ಲಿ ಎರಡು ಬಾರಿ ಗಟ್ಟಿಯಾಗಿ ಓದುತ್ತೇನೆ. ಉಸಿರು ಎಲ್ಲಿ ಸಾಲದೆ ಹೋಗುತ್ತದೆಯೋ ಅಲ್ಲಿ ವಾಕ್ಯವನ್ನು ಮುರಿಯುತ್ತೇನೆ. ಕಾಗದದ ಮೇಲೆ ಸೊಗಸಾಗಿ ಕಾಣುವ ವಾಕ್ಯ ಕಿವಿಗೆ ಭಾರವಾಗುವುದು ಆಗಲೇ ತಿಳಿಯುತ್ತದೆ.

ಬಾನುಲಿಯ ಕೇಳುಗರು ಕಾಣಿಸುವುದಿಲ್ಲ, ಸರಿ. ಕಣ್ಣೆದುರಿಗೆ ಕುಳಿತಿದ್ದರೂ ಮಾತುಗಾರನಿಗೆ ಕಾಣದವರ ಪಾಡೇನು? ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯನ್ನು ನೋಡಿ. ನಾಗರಹೊಳೆ ಕಾಡಿನ ಹೆಬ್ಬಾಗಿಲು ಅದು. ದಸರೆಯ ಆನೆಗಳ ಗಜಪಯಣಕ್ಕೆ ಅಲ್ಲಿ ಪೂಜೆಯಾಗುತ್ತದೆ. ಹಿಂದೆ ಮೈಸೂರಿಗೆ ನಡೆದೇ ಹೋಗುತ್ತಿದ್ದ ಆನೆಗಳು ಈಗ ಲಾರಿ ಏರುತ್ತವೆ. ವೇದಿಕೆಯೂ ಇರುತ್ತದೆ, ಭಾಷಣಗಳೂ ಇರುತ್ತವೆ. ಬೆಲ್ಲ, ಕಬ್ಬು ತಿನ್ನುತ್ತ ಆನೆಗಳು ಸಾಲಾಗಿ ನಿಂತಿರುವಾಗ ಭಾಷಣಕಾರನನ್ನು ಯಾರು ನೋಡುತ್ತಾರೆ! ಅಲ್ಲಿ ಐದು ನಿಮಿಷ ಮೀರಿ ಮಾತನಾಡುವುದು ಶುದ್ಧ ಅವಿವೇಕ. ಅಂದು ಭಾಷಣ ಕೆಟ್ಟರೂ ಯಾರಿಗೂ ನಷ್ಟವಿಲ್ಲ, ಆನೆಗಳು ಹೊರಟೇ ಹೊರಡುತ್ತವೆ.

ನಷ್ಟವಾಗುವ ಸಭೆ ಬೇರೆ. ಆ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ಅವರ ಮನೆಮಾತು ಕನ್ನಡಕ್ಕೆ ಹತ್ತಿರವಾದರೂ ಅದಕ್ಕೆ ಅದರದೇ ಜಾಡಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಇಂಥವರ ಹಕ್ಕಿನ ಕೋರಿಕೆ ಮೊದಲು ಬರಬೇಕಾದುದು ಗ್ರಾಮಸಭೆಯ ಮುಂದೆ. ಅಲ್ಲಿ ಕಾಯ್ದೆಯನ್ನು ವಿವರಿಸಲು ಒಬ್ಬರು ಎದ್ದು ನಿಲ್ಲುತ್ತಾರೆಂದು ಇಟ್ಟುಕೊಳ್ಳೋಣ. ಅವರು 'ಸದರಿ ಅಧಿನಿಯಮದನ್ವಯ ಅರ್ಹ ಫಲಾನುಭವಿಗಳು ಸೂಕ್ತ ಸಾಕ್ಷ್ಯಾಧಾರಗಳೊಂದಿಗೆ' ಎಂದು ಆರಂಭಿಸಿದರೆ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಸಭೆಯ ಪಾಲಿಗೆ ಆ ಮಾತು ಹುಟ್ಟಲೇ ಇಲ್ಲ.

ಸಿದ್ಧತೆ ಮಾಡಿಕೊಂಡವರು ಏನು ಮಾಡುತ್ತಾರೆ? ಕಾಯ್ದೆಯನ್ನು ಪೂರ್ತಿ ಓದಿ, ಅದರಲ್ಲಿ ಬಹುಪಾಲನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಅಂದಿನ ಸಭೆಗೆ ಬೇಕಾದುದು ಮೂರು ಸಂಗತಿ. ಕೋರಿಕೆಯ ಬಗ್ಗೆ ಮೊದಲ ತೀರ್ಮಾನ ಮಾಡುವುದು ಅಧಿಕಾರಿಯಲ್ಲ, ನೀವು ಕುಳಿತಿರುವ ಈ ಸಭೆಯೇ. ಆಧಾರವೆಂದರೆ ಕಾಗದವೊಂದೇ ಅಲ್ಲ. ಕೋರಿಕೆ ಸಲ್ಲಿಸದ ಹಿರಿಯರೊಬ್ಬರು ಹೇಳಿ ಬರೆಸಿದ ಮಾತು, ಹಳೆಯ ಬಾವಿ, ಸತ್ತವರನ್ನು ಹೂಳಿದ ಜಾಗ, ದೇವರ ನೆಲೆ ಇವೂ ಆಧಾರವೇ. ಆದರೆ ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಮೂರನೆಯದು, ಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಈ ಸಮಿತಿಯ ಹೆಸರನ್ನು ಹೇಳಿ ಬಿಡುವುದಕ್ಕಿಂತ 'ಹುಣಸೂರಿನಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಇದೆಯಲ್ಲ, ಅಲ್ಲಿಗೆ' ಎಂದರೆ ದಾರಿ ಕಣ್ಣಿಗೆ ಕಟ್ಟುತ್ತದೆ.

ಈ 60 ಎಂಬ ಅಂಕಿಯನ್ನು ಗಡಿಬಿಡಿಯಲ್ಲಿ ನುಂಗಿದರೆ ಒಂದು ಮನೆಯವರ ಹಕ್ಕು ಹೋದೀತು. ಅದನ್ನು ಹೇಳುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಹೇಳಿದ ಮೇಲೆ ಇನ್ನೊಂದು ಕ್ಷಣ. 'ಎರಡು ತಿಂಗಳು' ಎಂದು ಮತ್ತೊಮ್ಮೆ ಹೇಳಿದರೆ ಇನ್ನೂ ಮೇಲು. ದಿನ ಎಣಿಸುವುದಕ್ಕಿಂತ ಅಮಾವಾಸ್ಯೆ ಎಣಿಸುವುದು ಸುಲಭ. ಮೌನವೂ ಭಾಷಣದ ಭಾಗವೆಂಬುದನ್ನು ನಮ್ಮ ಗಮಕಿಗಳು ಬಲ್ಲರು. ನಮ್ಮ ಭಾಷಣಕಾರರು ಮಾತ್ರ ಅದನ್ನು ಸೋಲೆಂದು ಹೆದರುತ್ತಾರೆ.

ದನಿ, ನಿಲುವು, ಕೈಸನ್ನೆಗಳ ಬಗ್ಗೆ ಪುಸ್ತಕಗಳು ಬಹಳ ಹೇಳುತ್ತವೆ. ಕೊನೆಯ ಸಾಲಿನ ಅಜ್ಜಿಗೆ ಕೇಳಿಸಿದರೆ ಸಾಕು ಎಂಬುದರಾಚೆಗೆ ನನಗೆ ಅವುಗಳಲ್ಲಿ ಹೆಚ್ಚು ನಂಬಿಕೆಯಿಲ್ಲ. ಚೀಟಿ ಹಿಡಿದು ಮಾತನಾಡುವುದೂ ಅವಮಾನವಲ್ಲ; ಚೀಟಿಯಲ್ಲಿ ಮೂರು ಸಾಲಿರಲಿ, ಮೂರು ಪುಟ ಬೇಡ.

ಕಡೆಯಲ್ಲಿ 'ಅರ್ಥವಾಯಿತೆ?' ಎಂದು ಕೇಳುವ ವಾಡಿಕೆಯೊಂದಿದೆ. ಎಲ್ಲರೂ ಹೌದೆನ್ನುತ್ತಾರೆ, ಅದು ಮರ್ಯಾದೆಯ ಉತ್ತರ. ಅದರ ಬದಲು ಸಭೆಯಲ್ಲಿದ್ದ ಹೆಂಗಸೊಬ್ಬರನ್ನು, 'ಅಮ್ಮ, ಇಂದು ಬರಲಾಗದ ನಿಮ್ಮ ನೆರೆಯವಳಿಗೆ ಇದನ್ನು ಹೇಗೆ ಹೇಳುವಿರಿ?' ಎಂದು ಕೇಳಬೇಕು. ಆಕೆ ತನ್ನ ಮನೆಮಾತಿನಲ್ಲೇ ಹೇಳಲಿ. ಭಾಷಣಕಾರ ಆಗ ಕುಳಿತು ಕೇಳಲಿ. ಬಿಟ್ಟುಹೋದುದೇನೆಂದು ಅಲ್ಲಿ ತಿಳಿಯುತ್ತದೆ, ಅದನ್ನಷ್ಟೇ ಎದ್ದು ಮತ್ತೆ ಹೇಳಿದರಾಯಿತು.