ಮನೆಯ ಹಾಡುಭಂಡಾರವೂ ಅದರ ಹೆಸರುಚೀಟಿಯೂ

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಪುಸ್ತಕಕ್ಕಿಂತ ಹಾಡು ಹೆಚ್ಚು ಕಾಲ ಬಾಳಿದೆಯೆಂಬುದು ಹರೂರಿನ ಸುತ್ತಮುತ್ತ ಪಾಠ ಹೇಳಿದ ಉಪಾಧ್ಯಾಯರಿಗೆ ಹೊಸ ಮಾತಲ್ಲ. ನೇಕಾರ ದೇವಾಂಗರ ಮನೆಗಳ ಮದುವೆಯ ಹಾಡುಗಳು, ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತು ಹೋದವರು ಕೊಂಡುತಂದ ಕಂಸಾಳೆಯ ಕಥೆಗಳು, ದಾಸರ ಪದಗಳು, ಬೆಂಗಳೂರು ಆಕಾಶವಾಣಿಯಿಂದ ಟೇಪಿಗೆ ಹಿಡಿದಿಟ್ಟ ಭಾವಗೀತೆಗಳು, ಇವೆಲ್ಲ ಇಂದು ಒಂದಿಷ್ಟು ಕ್ಯಾಸೆಟ್ಟಿನಲ್ಲಿ, ಒಂದಿಷ್ಟು ಸಿ.ಡಿ.ಯಲ್ಲಿ, ಒಂದಿಷ್ಟು ಮಕ್ಕಳ ಫೋನಿನಲ್ಲಿ ಚದುರಿ ಬಿದ್ದಿವೆ. ಇವನ್ನು ಒಂದೆಡೆ ಕೂಡಿಸಿ, ಮನೆಯ ಯಾವ ಕೋಣೆಯಲ್ಲಿಯಾದರೂ ಕೇಳುವಂತೆ ಮಾಡುವ ಏರ್ಪಾಡಿಗೆ ಮೀಡಿಯಾ ಸರ್ವರ್ ಎಂದು ಹೆಸರು. ನಾವಿದನ್ನು ಹಾಡುಭಂಡಾರವೆಂದು ಕರೆಯುವೆವು. ಯಂತ್ರದ ವಿಚಾರವನ್ನು ಬೇಗನೆ ಮುಗಿಸಿ, ಹಾಡಿಗೆ ಅಂಟಿಸಬೇಕಾದ ಹೆಸರುಚೀಟಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಇಲ್ಲಿ ನಮ್ಮ ಉದ್ದೇಶ.

ಭಂಡಾರಕ್ಕೆ ದುಬಾರಿ ಯಂತ್ರವೇನೂ ಬೇಡ. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರು ಸಾಕು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರದ ಮಾದರಿಗಳೂ ಸಾಕು. ಅದರಲ್ಲಿ ಜೆಲ್ಲಿಫಿನ್ ಅಥವಾ ನ್ಯಾವಿಡ್ರೋಮ್ ಎಂಬ ತಂತ್ರಾಂಶವನ್ನು ಹಾಕಬೇಕು. ಎರಡೂ ಉಚಿತವಾದುವು, ಮೊದಲನೆಯದು ಚಲಚ್ಚಿತ್ರವನ್ನೂ ನೋಡಿಕೊಳ್ಳುತ್ತದೆ, ಎರಡನೆಯದು ಸಂಗೀತಕ್ಕೆ ಮಾತ್ರ ಮೀಸಲು. ಸರ್ವರ್ ಮಾಡುವುದು ಗ್ರಂಥಪಾಲಕನ ಕೆಲಸ. ಡಿಸ್ಕಿನಲ್ಲಿರುವ ಕಡತಗಳ ಚೀಟಿಗಳನ್ನೆಲ್ಲ ಓದಿ ಅನುಕ್ರಮಣಿಕೆಯನ್ನು ಸಿದ್ಧಪಡಿಸುತ್ತದೆ, ಫೋನಾಗಲಿ ಟಿ.ವಿ.ಯಾಗಲಿ ಒಂದು ಹಾಡನ್ನು ಕೇಳಿದರೆ ಅದನ್ನು ತುಂಡುತುಂಡಾಗಿ ಕಳುಹಿಸುತ್ತ ಹೋಗುತ್ತದೆ. ಹೀಗೆ ಹರಿದುಬರುವುದನ್ನೇ ಸ್ಟ್ರೀಮಿಂಗ್ ಎನ್ನುವರು. ಮನೆಯೊಳಗಿನ ವೈಫೈ ಇದ್ದರಾಯಿತು, ಇಂಟರ್ನೆಟ್ಟು ನಿಂತರೂ ಹಾಡು ನಿಲ್ಲದು. ಚಂದಾ ಕಟ್ಟಿ ಕೇಳುವ ಸಂಸ್ಥೆಗಳ ಸೇವೆ ಹೀಗಲ್ಲ. ಅಲ್ಲಿ ಚಂದಾ ನಿಂತ ದಿನ ಸಂಗ್ರಹವೂ ಹೋಗುತ್ತದೆ. ಅದಂತಿರಲಿ, ನಮ್ಮ ಅಜ್ಜಿಯಂದಿರ ಹಸೆಯ ಹಾಡು ಆ ಸಂಸ್ಥೆಗಳಲ್ಲಿ ಮೊದಲೇ ಇಲ್ಲ.

ಕ್ಯಾಸೆಟ್ಟನ್ನು ಕಡತವಾಗಿಸಲು ಟೇಪ್ ರಿಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ಪೂರ್ತಿ ಹಾಡಿಸಿಯೇ ಹಿಡಿಯಬೇಕು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ; ಇದಕ್ಕೆ ಅಡ್ಡದಾರಿಯಿಲ್ಲ. ಸಿ.ಡಿ.ಯ ಗುಣಮಟ್ಟದಲ್ಲಿ ಹಿಡಿದರೆ ಗಂಟೆಗೆ ಸುಮಾರು 635 ಮೆಗಾಬೈಟು; ಒಂದಂಶವನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಅದರ ಹೆಚ್ಚುಕಡಮೆ ಅರ್ಧ. ಆ ಲೆಕ್ಕದಲ್ಲಿ 1 ಟೆರಾಬೈಟಿನ ಡಿಸ್ಕಿನಲ್ಲಿ ಮೂರು ಸಾವಿರದಷ್ಟು ಕ್ಯಾಸೆಟ್ಟುಗಳು ಹಿಡಿಸುತ್ತವೆ. ಎಂ.ಪಿ.3 ಇನ್ನೂ ಚಿಕ್ಕದು, ಆದರೆ ಕಿವಿಗೆ ಕೇಳಿಸದೆಂದು ಎಣಿಸಿದ ಅಂಶಗಳನ್ನು ಬಿಟ್ಟುಬಿಡುತ್ತದೆ. ಮೂಲಪ್ರತಿ ಫ್ಲ್ಯಾಕಿನಲ್ಲಿಯೇ ಇರಲಿ. ಫೋನಿಗೆ ಕಳುಹಿಸುವಾಗ ಕುಗ್ಗಿಸುವ ಕೆಲಸವನ್ನು ಸರ್ವರೇ ಮಾಡಿಕೊಳ್ಳುತ್ತದೆ.

ಇನ್ನು ಚೀಟಿಯ ವಿಚಾರ. ಕಡತದೊಳಗೆಯೇ ಹಾಡಿನ ಹೆಸರು, ಹಾಡಿದವರು, ಸಂಪುಟ, ವರ್ಷ ಮೊದಲಾದುವನ್ನು ಬರೆದಿಡಲು ಸ್ಥಳವುಂಟು. ಇದನ್ನು ಟ್ಯಾಗ್ ಎನ್ನುತ್ತಾರೆ. ಸರ್ವರ್ ತಯಾರಿಸುವ ಅನುಕ್ರಮಣಿಕೆಗೆ ಇದೇ ಆಧಾರ. ಚೀಟಿಯಿಲ್ಲದ ಹಾಡು ಇದ್ದೂ ಇಲ್ಲದಂತೆಯೇ. ಎಂ.ಪಿ.3 ಕಡತಗಳಿಗೆ 1996ರಲ್ಲಿ ಬಂದ ಮೊದಲ ಪದ್ಧತಿಯಲ್ಲಿ ಒಂದು ಹೆಸರಿಗೆ 30 ಬೈಟುಗಳ ಜಾಗ ಮಾತ್ರವಿತ್ತು. ಇಂದಿನ ಯು.ಟಿ.ಎಫ್.8 ಬರಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ‘ಪುರಂದರದಾಸರು’ ಎಂಬ ಹೆಸರು ಸ್ವರಚಿಹ್ನೆ, ಅನುಸ್ವಾರಗಳನ್ನು ಸೇರಿಸಿ 11 ಸಂಕೇತ, ಎಂದರೆ 33 ಬೈಟು! ದಾಸಶ್ರೇಷ್ಠರ ಹೆಸರೇ ಹಿಡಿಸದ ಚೀಟಿ ಅದು. ಅನಂತರದ ಪದ್ಧತಿಗಳಲ್ಲಿ ಈ ಇಕ್ಕಟ್ಟು ನೀಗಿದೆ.

ಇಕ್ಕಟ್ಟು ನೀಗಿದರೂ ಚೌಕಟ್ಟು ಪರದೇಶದ್ದೇ. ಒಬ್ಬ ಗಾಯಕ, ಅವನದೊಂದು ಆಲ್ಬಂ, ಅದರಲ್ಲಿ ಹತ್ತು ಹಾಡು, ಇಷ್ಟೇ ಆ ಪದ್ಧತಿಯ ಲೋಕ. ನಮ್ಮಲ್ಲಿ ಕವಿ ಒಬ್ಬ, ಧಾಟಿ ಕೂಡಿಸಿದವನು ಇನ್ನೊಬ್ಬ, ಹಾಡಿದವನು ಮತ್ತೊಬ್ಬ. 1978ರಲ್ಲಿ ಕ್ಯಾಸೆಟ್ಟಾಗಿ ಬಂದ ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿಯವರದು, ಚೀಟಿಯ ‘ಕಂಪೋಸರ್’ ಎಂಬ ಒಂದೇ ಮನೆಯಲ್ಲಿ ಇವರಿಬ್ಬರಲ್ಲಿ ಯಾರನ್ನು ಕೂರಿಸುವುದು? ಕವಿಯನ್ನು ‘ಲಿರಿಸಿಸ್ಟ್’ ಎಂಬಲ್ಲಿಯೂ ಸಂಗೀತಗಾರರನ್ನು ‘ಕಂಪೋಸರ್’ ಎಂಬಲ್ಲಿಯೂ ಬರೆಯುವುದು ಉಚಿತ. ದಾಸರ ಒಂದೇ ಪದವನ್ನು ಭೀಮಸೇನ ಜೋಶಿಯವರೂ ಎಂ.ಎಸ್. ಸುಬ್ಬುಲಕ್ಷ್ಮಿಯವರೂ ತಮ್ಮ ತಮ್ಮ ಪದ್ಧತಿಗಳಲ್ಲಿ ಹಾಡಿರುವುದರಿಂದ ಅಂಕಿತ, ರಾಗ, ತಾಳಗಳಿಗೂ ಮನೆಗಳು ಬೇಕಾಗುತ್ತವೆ. ಫ್ಲ್ಯಾಕ್ ಕಡತದಲ್ಲಿ ನಮಗೆ ಬೇಕಾದ ಹೆಸರಿನ ಮನೆಗಳನ್ನು ನಾವೇ ಕಟ್ಟಿಕೊಳ್ಳಬಹುದು. ಇದಕ್ಕಾಗಿಯೂ ಫ್ಲ್ಯಾಕ್ ಲೇಸು.

ಮಾದೇಶ್ವರನ ಕಥೆಯ ವಿಚಾರದಲ್ಲಂತೂ ಹೆಚ್ಚು ಎಚ್ಚರ ಬೇಕು. ಅದು ಹಾಡಲ್ಲ, ರಾತ್ರಿಯಿಡೀ ನಡೆಯುವ ಕಾವ್ಯ. ಹಾಡುವವರು ಅದನ್ನು ಸಾಲುಗಳಾಗಿ ವಿಂಗಡಿಸುತ್ತಾರೆ. ಕ್ಯಾಸೆಟ್ಟು ಮಾಡಿದವರು ಟೇಪಿನ ಮಗ್ಗುಲು ಮುಗಿದಲ್ಲಿ ಕಥೆಯನ್ನು ಕಡಿದರು, ಅದು ಅನಿವಾರ್ಯವಾಗಿತ್ತು. ಭಂಡಾರಕ್ಕೆ ಸೇರಿಸುವಾಗ ಆ ತುಂಡುಗಳನ್ನು ಜೋಡಿಸಿ, ಒಂದೊಂದು ಸಾಲಿಗೂ ಒಂದು ಕಡತ ಮಾಡಿ, ಕ್ರಮಸಂಖ್ಯೆ ಹಾಕಬೇಕು. ಸಂಖ್ಯೆಯಿಲ್ಲದಿದ್ದರೆ ಸರ್ವರ್ ಅಕ್ಷರಕ್ರಮದಲ್ಲಿ ಜೋಡಿಸುತ್ತದೆ. ಆಗ ಮಾದೇಶ್ವರ ಹುಟ್ಟುವುದಕ್ಕೆ ಮೊದಲೇ ಶ್ರವಣನನ್ನು ಸಂಹರಿಸಿಬಿಟ್ಟಾನು.

ಕಾಗುಣಿತದ ತೊಡಕು ಇನ್ನೊಂದು. ಯೂನಿಕೋಡಿನಲ್ಲಿ ‘ಜೋ’ ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘಗಳನ್ನು ಬಿಡಿಯಾಗಿ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರಿದೂಗಿಸಿಕೊಳ್ಳದ ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಹಾಗಾಗಿ ಜೋಶಿಯವರು ಪಟ್ಟಿಯಲ್ಲಿ ಇಬ್ಬರಾಗಿ ಕಾಣಿಸಿಕೊಳ್ಳಬಹುದು. ಯಾರಾದರೂ ‘ಜೋಷಿ’ ಎಂದು ಬರೆದರೆ ಮೂವರು. ನುಡಿ, ಬರಹಗಳ ಹಳೆಯ ಲಿಪಿಗಳಲ್ಲಿ ಬೆರಳಚ್ಚು ಮಾಡಿದ ಚೀಟಿಗಳಾದರೋ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಒಂದು ಮನೆಯಲ್ಲಿ ಒಬ್ಬರೇ ಚೀಟಿ ಬರೆಯುವುದು, ಒಪ್ಪಿದ ಹೆಸರುಗಳ ಪಟ್ಟಿಯೊಂದನ್ನು ನೋಟುಬುಕ್ಕಿನಲ್ಲಿ ಇಟ್ಟುಕೊಳ್ಳುವುದು, ಇದಕ್ಕಿಂತ ಒಳ್ಳೆಯ ಮದ್ದನ್ನು ನಾವು ಕಾಣೆವು. ಮ್ಯೂಸಿಕ್‌ಬ್ರೈನ್ಜ್ ಎಂಬ ಸಾರ್ವಜನಿಕ ಕೋಶದಿಂದ ಚೀಟಿಗಳನ್ನು ತಾನಾಗಿ ತುಂಬಿಸಿಕೊಳ್ಳಬಹುದಾದರೂ, ಹಾಗೆ ತುಂಬುವಾಗ ಕೈಯಿಂದ ಬರೆದ ಕನ್ನಡ ಹೆಸರುಗಳು ಅಳಿಸಿಹೋಗುವ ಭಯವುಂಟು.

ಆದರೆ ಕನ್ನಡದಲ್ಲಿಯೇ ಬರೆದೆವೆನ್ನೋಣ; ಓದುವವರು ಯಾರು? 2006ರ ತಮಿಳು ಕಲಿಕೆಯ ಕಾಯಿದೆ 2006-07ರಲ್ಲಿ ಒಂದನೆಯ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ರಾಜ್ಯದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕಾದದ್ದೇ, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುತ್ತ, ಕನ್ನಡ ಅಕ್ಷರವನ್ನು ಮಾತ್ರ ಅರಿಯದ ಮಕ್ಕಳು ನಮ್ಮ ಕಣ್ಣೆದುರಿಗೇ ಇದ್ದಾರೆ. ಚೀಟಿಯನ್ನು ತಮಿಳು ಲಿಪಿಯಲ್ಲಿ ಮಾತ್ರ ಬರೆದರೆ ಕ-ಗ, ತ-ದ, ಪ-ಬಗಳ ಭೇದ ಅಳಿದು, ಬಸವನಿಗೂ ಪಸವನಿಗೂ ವ್ಯತ್ಯಾಸವಿಲ್ಲದಾಗುತ್ತದೆ. ಕನ್ನಡದಲ್ಲಿ ಮಾತ್ರ ಬರೆದರೆ ಮಗು ಹಾಡನ್ನು ಹುಡುಕಲಾರದು. ಆದ್ದರಿಂದ ಹೆಸರಿನ ಮನೆಯಲ್ಲಿ ಮೊದಲು ಕನ್ನಡ, ಒಂದು ಗೆರೆ, ಬಳಿಕ ತಮಿಳು ಎಂದು ಎರಡನ್ನೂ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಯಾವ ಲಿಪಿಯಲ್ಲಿ ಹುಡುಕಿದರೂ ಹಾಡು ಸಿಕ್ಕುತ್ತದೆ. ದಿನವೂ ಕಣ್ಣಿಗೆ ಬೀಳುವ ಕನ್ನಡ ಅಕ್ಷರದ ಪರಿಚಯವೂ ಸ್ವಲ್ಪಮಟ್ಟಿಗೆ ಆದೀತು.

ಕಾಪಿಡುವ ಬಗ್ಗೆ ಎರಡು ಮಾತು. ವಿದ್ಯುತ್ತು ಥಟ್ಟನೆ ಹೋದರೆ ಡಿಸ್ಕಿನ ಬರಹ ಕೆಡುವುದುಂಟು, ಚಿಕ್ಕದೊಂದು ಯು.ಪಿ.ಎಸ್. ಅವಶ್ಯಕ. ಎರಡನೆಯ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿ, ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಕೊಂಡುತಂದ ಧ್ವನಿಮುದ್ರಣಗಳಿಗೆ ಪ್ರಕಟವಾದ ವರ್ಷದ ತರುವಾಯ 60 ವರ್ಷ ಹಕ್ಕುಸ್ವಾಮ್ಯವಿರುವುದರಿಂದ ಅವು ಮನೆಯ ಉಪಯೋಗಕ್ಕಷ್ಟೇ, ಊರಿಗೆಲ್ಲ ಹಂಚತಕ್ಕವಲ್ಲ.

ಹಿರಿಯರ ಹಾಡುಗಳನ್ನು ನಾವೇ ಹೊಸದಾಗಿ ಹಿಡಿಯುವಾಗ ಮಾಡಬೇಕಾದುದೊಂದಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಭಾಷೆಯರಿಯದ ಅಲ್ಲಿನ ಕೆಲಸಗಾರರು ಆ ಕೂಗನ್ನು ಕೇಳಿಯೇ ಚೀಟಿ ಅಂಟಿಸಬೇಕಾಗಿತ್ತು. ಈ ಗಾಯಕಿ ಕೊನೆಯುಸಿರೆಳೆದುದು 1930ರಲ್ಲಿ, ಮೈಸೂರಿನಲ್ಲಿ. ಅದೇ ಉಪಾಯ ನಮಗೂ ಸಲ್ಲುತ್ತದೆ. ಅಜ್ಜಿಯ ಒಪ್ಪಿಗೆ ಪಡೆದು, ಹಾಡು ತೊಡಗುವ ಮುನ್ನ ತನ್ನ ಹೆಸರು, ಊರು, ಹಾಡನ್ನು ಯಾರಿಂದ ಕಲಿತದ್ದು, ಯಾವ ಶುಭಕಾರ್ಯಕ್ಕೆ ಹಾಡುವುದು, ಇಷ್ಟನ್ನು ಆಕೆಯ ಬಾಯಲ್ಲೇ ಹೇಳಿಸಿ, ಹಿಡಿದ ದಿನಾಂಕವನ್ನು ನಾವು ಸೇರಿಸಬೇಕು. ಬರೆದ ಚೀಟಿ ಅಳಿಸಿಹೋದರೂ, ಓದಲು ಬಾರದ ಮೊಮ್ಮಗನ ಕೈಗೆ ಕಡತ ಸಿಕ್ಕರೂ, ಹಾಡು ಯಾರದೆಂಬುದು ಹಾಡಿನೊಡನೆಯೇ ಕೇಳಿಸುತ್ತದೆ.